ತಕ್ಕಡಿ ಕೋಣೆಯ ಹಿಂಬಾಗಿಲು

ಸೋಮವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಗಾಜಿನಕ್ಕ ಹನ್ನೆರಡನೆಯ ಬ್ಯುರೆಟ್ಟಿನ ಉದ್ದ ಗಾಜಿನ ಕೊಳವೆಯನ್ನು ನಲ್ಲಿಯ ಕೆಳಗೆ ಹಿಡಿದು, ಅದರ ತಿರುಪಿನಲ್ಲಿ ಗಟ್ಟಿಯಾಗಿದ್ದ ಗ್ರೀಸನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕುತ್ತಿದ್ದಳು. ಇನ್ನೂ ಎಂಟು ಬಾಕಿ ಇದ್ದವು. ಶಾಲೆಯ ಜವಾನ ಬಾಗಿಲಲ್ಲಿ ಬಂದು ನಿಂತ.

"ಅಕ್ಕಾ, ದೊಡ್ಡ ಮೇಡಂ ಕರೀತಿದ್ದಾರೆ. ಮುಖ ನೋಡಿದ್ರೆ ಒಳ್ಳೆ ಸುದ್ದಿ ಇದ್ದ ಹಾಗಿಲ್ಲ. ಕೈ ಒರೆಸ್ಕೊಂಡೇ ಹೋಗಿ."

ಅವಳು ಆ ಪ್ರೌಢಶಾಲೆಯ ಪ್ರಯೋಗಾಲಯ ಸಹಾಯಕಿ. ವಯಸ್ಸು ನಲವತ್ತೊಂಬತ್ತು, ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಸದಾ ಗಾಜಿನ ಸಾಮಾನುಗಳ ನಡುವೆ ಇರುತ್ತಾಳೆಂದು ಮಕ್ಕಳು ಇಟ್ಟ ಹೆಸರೇ ಗಾಜಿನಕ್ಕ. ದಿನವೂ ಸಂಜೆ ಬೀಗ ಹಾಕುವ ಮೊದಲು ಪ್ರನಾಳಗಳನ್ನೆಲ್ಲ ಎಣಿಸುವುದು ಅವಳ ರೂಢಿ. ಒಂದು ಕಡಿಮೆಯಾದರೂ ಮೇಜಿನ ಕೆಳಗೆ ಬಗ್ಗಿ ಹುಡುಕಿಯೇ ಮನೆಗೆ ಹೋಗುತ್ತಿದ್ದಳು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೌನ್ಸೆಲರ್ ಮೇಡಂ ಆಗಲೇ ಕುಳಿತಿದ್ದಳು. ಇಪ್ಪತ್ತೇಳರ ಹುಡುಗಿ. ಮಕ್ಕಳ ಮನಸ್ಸಿನ ಕಷ್ಟ ಕೇಳಲೆಂದೇ ಸರ್ಕಾರದ ಒಂದು ನಿಧಿಯಿಂದ ಒಂದು ವರ್ಷದ ಮಟ್ಟಿಗೆ ನೇಮಕವಾಗಿ, ವಾರಕ್ಕೆ ಮೂರು ದಿನ ಬರುತ್ತಿದ್ದಳು. ದೊಡ್ಡ ಮೇಡಂ ಕನ್ನಡಕ ಏರಿಸಿ ಪತ್ರ ಓದಿದರು. ನಿಧಿಯ ನಿಯಮದಂತೆ ವರ್ಷಕ್ಕೆ ಕನಿಷ್ಠ ಅರವತ್ತು ಮಕ್ಕಳು ಸೇವೆ ಪಡೆದಿರುವ ದಾಖಲೆ ಇರಬೇಕು. ನಿಮ್ಮ ಶಾಲೆಯಿಂದ ಬಂದಿರುವ ದಾಖಲೆ ಹನ್ನೊಂದು. ಆದ್ದರಿಂದ ಈ ತಿಂಗಳ ಕೊನೆಯಿಂದ ಹುದ್ದೆಯ ಅನುದಾನವನ್ನು ನಿಲ್ಲಿಸಲಾಗುವುದು.

"ನೋಡಿ, ಆ ಗೋಡೆ ಮೇಲೆ ಬೆಂಕಿ ಆರಿಸೋ ಸಿಲಿಂಡರ್ ಐದು ವರ್ಷದಿಂದ ನೇತಾಡ್ತಿದೆ," ಎಂದರು ದೊಡ್ಡ ಮೇಡಂ. "ವರ್ಷಕ್ಕೆ ಅರವತ್ತು ಸಲ ಬೆಂಕಿ ಬಿದ್ರೆ ಮಾತ್ರ ಇಟ್ಕೊಳ್ಳಿ ಅಂತ ಯಾರಾದ್ರೂ ಹೇಳಿದ್ರಾ? ಮಕ್ಕಳ ವಿಷಯಕ್ಕೆ ಬಂದ್ರೆ ಮಾತ್ರ ಎಲ್ಲರಿಗೂ ಲೆಕ್ಕ ನೆನಪಾಗುತ್ತೆ. ಅದಿರಲಿ, ಈ ಹನ್ನೊಂದು ಹೇಗೆ ಬಂತು? ನಿಮ್ಮ ಕೋಣೆ ಖಾಲಿ ಇದ್ದಿದ್ದನ್ನ ನಾನು ನೋಡೇ ಇಲ್ಲ."

ಕೌನ್ಸೆಲರ್ ಗಾಜಿನಕ್ಕನ ಕಡೆ ತಿರುಗಿದಳು. "ಅಕ್ಕಾ, ಹಿಂಬಾಗಿಲಿಂದ ಬಂದವರ ಫಾರಂ ನೀವು ತಿಂಗಳು ತಿಂಗಳು ಆಫೀಸಿಗೆ ಕೊಟ್ಟಿದ್ರಲ್ವಾ?"

"ಕೊಟ್ಟಿದ್ದೆ," ಎಂದಳು ಗಾಜಿನಕ್ಕ.

ಬಾಯಿಂದ ಮಾತು ಬಿದ್ದಾಗಿತ್ತು. ದೊಡ್ಡ ಮೇಡಂ ಗಂಟೆ ಒತ್ತಿ ಗುಮಾಸ್ತರನ್ನು ಕರೆಸಿದರು. ನಿವೃತ್ತಿಗೆ ಆರು ತಿಂಗಳು ಉಳಿದಿದ್ದ ಮನುಷ್ಯ. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡೇ ಬಂದು, ಬೈಗುಳವನ್ನೆಲ್ಲ ನಿಂತು ಕೇಳಿ, "ಹುಡುಕ್ತೀನಿ ಮೇಡಂ. ನನ್ನ ಕೈಯಿಂದ ಇವತ್ತಿನವರೆಗೆ ಒಂದು ಕಾಗದ ಕಳೆದಿಲ್ಲ. ಆದ್ರೆ ವಯಸ್ಸಾಯ್ತು ನೋಡಿ," ಎಂದು ಹೊರಟರು.

ಆ ಫಾರಮ್ಮುಗಳು ಪ್ರಯೋಗಾಲಯದ ಮೂರನೆಯ ಡ್ರಾಯರಿನಲ್ಲಿ, ಸೋಸುಕಾಗದದ ಪೊಟ್ಟಣಗಳ ಅಡಿಯಲ್ಲಿ ಇದ್ದವು. ಒಂದರ ಮೇಲೂ ಒಂದು ಅಕ್ಷರ ಬಿದ್ದಿರಲಿಲ್ಲ.

ನಡೆದದ್ದು ಇಷ್ಟು. ಕೌನ್ಸೆಲರ್ ಬಂದಾಗ ಅವಳಿಗೆ ಕೊಡಲು ಶಾಲೆಯಲ್ಲಿ ಬೇರೆ ಜಾಗವಿರಲಿಲ್ಲ. ಪ್ರಯೋಗಾಲಯಕ್ಕೆ ಅಂಟಿಕೊಂಡ ತಕ್ಕಡಿ ಕೋಣೆಯನ್ನು ಕೊಟ್ಟರು. ಅಲುಗಾಡಬಾರದೆಂದು ಗೋಡೆಗೆ ಹುದುಗಿಸಿದ ಕಲ್ಲುಚಪ್ಪಡಿ, ಅದರ ಮೇಲೆ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಪಕ್ಕದಲ್ಲಿ ಎರಡು ಕುರ್ಚಿ. ಆ ಕೋಣೆಗೆ ಎರಡು ಬಾಗಿಲು. ಮುಂಬಾಗಿಲು ತೆರೆಯುವುದು ಶಿಕ್ಷಕರ ಕೊಠಡಿಯ ಎದುರಿಗೆ. ಅದರೊಳಗೆ ಹೋದವರನ್ನು ಇಡೀ ಶಾಲೆ ನೋಡುತ್ತಿತ್ತು. ಮೊದಲ ವಾರವೇ ಮಕ್ಕಳು ಅದಕ್ಕೆ 'ತಲೆ ರಿಪೇರಿ ಅಂಗಡಿ' ಎಂದು ಹೆಸರಿಟ್ಟರು. ಆ ಬಾಗಿಲಿನಿಂದ ಹೋಗಬೇಕಾದರೆ ತರಗತಿ ಶಿಕ್ಷಕರು ಹೆಸರು ಬರೆದು ಸಹಿ ಹಾಕಿದ ಫಾರಂ ಬೇಕಿತ್ತು. ವರ್ಷದಲ್ಲಿ ಹಾಗೆ ಹೋದವರು ಹನ್ನೊಂದು ಮಂದಿ.

ಹಿಂಬಾಗಿಲು ಪ್ರಯೋಗಾಲಯದೊಳಗೆ ತೆರೆಯುತ್ತಿತ್ತು. ಕೌನ್ಸೆಲರ್ ಬಂದ ಎರಡನೆಯ ವಾರ ಒಬ್ಬ ಹುಡುಗ ಆ ಬಾಗಿಲ ಬಳಿ ಸುಮ್ಮನೆ ನಿಂತು ತೊಳೆದ ಬೀಕರುಗಳನ್ನು ಜೋಡಿಸತೊಡಗಿದ. ಗಾಜಿನಕ್ಕನಿಗೆ ಅರ್ಥವಾಯಿತು. 'ಗಾಜು ತೊಳೆಯಲು ಒಬ್ಬರು ಬೇಕಾಗಿದ್ದಾರೆ' ಎಂದು ಚೀಟಿ ಬರೆದು, ಸಹಿ ಹಾಕಿ, ಅವನ ತರಗತಿಗೆ ಕಳಿಸಿದಳು. ಹುಡುಗ ಒಂದು ಪೀರಿಯಡ್ ತಕ್ಕಡಿ ಕೋಣೆಯಲ್ಲಿ ಕುಳಿತು ಬಂದ. ಅಲ್ಲಿಂದ ದಾರಿ ಬಿದ್ದಿತು. ಮಕ್ಕಳು ಬೆಳಿಗ್ಗೆ ಬಂದು, "ಅಕ್ಕಾ, ಇವತ್ತು ಗಾಜು ತೊಳೆಯೋದಿದ್ಯಾ?" ಎನ್ನುತ್ತಿದ್ದರು. ಇದೆ ಎಂದರೆ ಚೀಟಿ.

ಗಣಿತದ ಮೇಷ್ಟ್ರು ಒಮ್ಮೆ ರೇಗಿದ್ದರು. "ಏನಕ್ಕಾ, ತೊಳೆಯೋಕೆ ನನ್ನ ಪೀರಿಯಡ್ಡೇ ಬೇಕಾ? ಇಷ್ಟು ತೊಳೆದ್ರೆ ಗಾಜು ಸವೆದು ಸೂಜಿ ಆಗುತ್ತೆ!"

"ನಿಮ್ಮ ಮಕ್ಕಳ ಕೈ ಚೊಕ್ಕ ಮೇಷ್ಟ್ರೇ, ಅದಕ್ಕೆ," ಎಂದು ಅವಳು ನಗಿಸಿ ಕಳಿಸಿದ್ದಳು.

ಕೌನ್ಸೆಲರ್ ಒಂದು ಕಟ್ಟು ಖಾಲಿ ಫಾರಂ ತಂದುಕೊಟ್ಟಳು. "ಹೆಸರು ಬೇಡ ಅಕ್ಕಾ. ತರಗತಿ, ತಾರೀಕು, ಎಷ್ಟನೇ ಪೀರಿಯಡ್, ಅಷ್ಟು ಸಾಕು. ನೀವು ನೋಡಿದೆ ಅಂತ ಸಹಿ ಹಾಕಿ ಆಫೀಸಿಗೆ ಕೊಟ್ಬಿಡಿ. ನನ್ನ ಪುಸ್ತಕ ಗುಟ್ಟಿಂದು, ಅದನ್ನ ಅವರು ದಾಖಲೆ ಅಂತ ಒಪ್ಪಲ್ಲ." ಗಾಜಿನಕ್ಕ ತೆಗೆದುಕೊಂಡಳು. ಬರೆಯಲು ಕುಳಿತಾಗ ಕೈ ಓಡಲಿಲ್ಲ. ಒಂಬತ್ತನೇ ತರಗತಿ, ಬುಧವಾರ, ಮೂರನೇ ಪೀರಿಯಡ್ ಎಂದು ಬರೆದರೆ ಹೆಸರು ಬರೆದಂತೆಯೇ ಅಲ್ಲವೇ? ಆ ಪೀರಿಯಡ್ಡಿನಲ್ಲಿ ಎದ್ದು ಹೋದವರು ಯಾರೆಂದು ತರಗತಿಯ ಬೆಂಚುಗಳಿಗೂ ಗೊತ್ತು.

ಅವಳ ಅಂಜಿಕೆಗೆ ಕಾರಣವಿತ್ತು. ಅವಳ ತಂಗಿಗೆ ಹದಿಮೂರು ತುಂಬಿದಾಗ ತರಗತಿಯ ಟೀಚರೊಬ್ಬರು ಅವಳ ದಿನಚರಿ ಪುಸ್ತಕದಲ್ಲಿ ಒಂದು ಸಾಲು ಬರೆದು ಮನೆಗೆ ಕಳಿಸಿದ್ದರು: 'ಒಬ್ಬಳೇ ಮಾತಾಡುತ್ತಾಳೆ, ಅಳುತ್ತಾಳೆ, ಡಾಕ್ಟರಿಗೆ ತೋರಿಸಿ.' ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ದಾರಿಯಲ್ಲಿ ಗೆಳತಿಯರು ಪುಸ್ತಕ ಕಿತ್ತು ಓದಿದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅಪ್ಪ ಅವಳನ್ನು ಶಾಲೆ ಬಿಡಿಸಿದರು, ಡಾಕ್ಟರಿಗೆ ಮಾತ್ರ ತೋರಿಸಲಿಲ್ಲ. ತಂಗಿ ಈಗ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ, ಗಟ್ಟಿಯಾಗಿಯೇ ಇದ್ದಾಳೆ. ಆದರೆ ಇವತ್ತಿಗೂ ಯಾರಾದರೂ ಕಾಗದದ ಮೇಲೆ ಏನಾದರೂ ಗೀಚಿದರೆ ಇಣುಕಿ ನೋಡದೆ ಇರಲಾರಳು.

ಹೀಗೆ ಫಾರಂ ಡ್ರಾಯರಿಗೆ ಹೋದವು. ತಿಂಗಳ ಕೊನೆಗೆ ಕೌನ್ಸೆಲರ್ ಕೇಳಿದಾಗ ಅವಳು "ಕೊಟ್ಟೆ ಮೇಡಂ" ಎಂದಳು. ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಸುಲಭವಾಯಿತು. ಇದರ ಮೇಲೆ ಒಂದು ಹುದ್ದೆ ನಿಂತಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿದ್ದಿದ್ದರೂ ಬರೆಯುತ್ತಿದ್ದಳೆಂದು ಹೇಳುವಂತಿರಲಿಲ್ಲ.

ಆ ಸೋಮವಾರ ಸಂಜೆ ಮನೆಯಲ್ಲಿ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದವನು. ಕಾಲು ಚಾಚಿ ಕುಳಿತು ಹಿಮ್ಮಡಿ ಒತ್ತಿಕೊಳ್ಳುತ್ತಾ ಕೇಳಿದ.

"ನಾನು ಹೋದಾಗ ಮನೆಗೆ ಬೀಗ ಇದ್ರೆ ಸೊನ್ನೆ ಬರೆಯಲ್ಲ ಕಣೇ. 'ಬೀಗ ಇತ್ತು' ಅಂತ ಬರೀತೀನಿ. ನೀನು ಬಾಗಿಲು ಹಾರು ಹೊಡೆದು ಇಟ್ಟು, ಲೆಕ್ಕಕ್ಕೆ ಸೊನ್ನೆ ಕೊಟ್ಟೆಯಲ್ಲ!"

"ಮಕ್ಕಳ ಮರ್ಯಾದೆ ಹೋಗ್ಬಾರ್ದು ಅಂತ ರೀ."

"ಅದು ಸರಿ. ಈಗ ಗುಮಾಸ್ತರ ಮರ್ಯಾದೆ?"

ಅವಳು ಎದ್ದು ಒಳಗೆ ಹೋದಳು. ಅವನು ಹಿಂದೆಯೇ ಕೂಗಿ ಹೇಳಿದ: "ಕೋಪ ಮಾಡ್ಕೋಬೇಡ ಮಾರಾಯ್ತಿ. ನಾಳೆ ಹೇಳ್ಬಿಡು. ಹಳೆ ನಲ್ಲಿ ಥರ, ಬಿಟ್ಟಷ್ಟೂ ಸೋರುತ್ತೆ."

ಮರುದಿನ ಹೇಳಲಾಗಲಿಲ್ಲ. ಗುಮಾಸ್ತರು ಕಬ್ಬಿಣದ ಬೀರುವಿನಿಂದ ಕಡತಗಳನ್ನೆಲ್ಲ ನೆಲಕ್ಕೆ ಇಳಿಸಿ, ಮೂಗಿಗೆ ಕರವಸ್ತ್ರ ಕಟ್ಟಿ, ಸೀನುತ್ತಾ ಒಂದೊಂದೇ ಬಿಚ್ಚುತ್ತಿದ್ದರು. ಅವಳು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಳು. ಬುಧವಾರ ಮಧ್ಯಾಹ್ನ ಅವರೇ ಪ್ರಯೋಗಾಲಯಕ್ಕೆ ಬಂದು ಸ್ಟೂಲಿನ ಮೇಲೆ ಕುಳಿತರು.

"ತಾಯಿ, ನೀವು ಕೊಟ್ಟಿದ್ದು ಯಾವ ಬಣ್ಣದ ಕಡತದಲ್ಲಿ, ಸ್ವಲ್ಪ ನೆನಪು ಮಾಡ್ಕೊಳ್ಳಿ. ಮೂವತ್ತೇಳು ವರ್ಷ ಆಯ್ತು ನನಗೆ. ಹೋಗೋ ಕಾಲಕ್ಕೆ ಇಂಥದ್ದೊಂದು ಮಾಡಿಟ್ಟು ಹೋದ್ನಲ್ಲ ಅಂತ ನಿನ್ನೆ ಊಟ ಸೇರ್ಲಿಲ್ಲ."

ಗಾಜಿನಕ್ಕ ಮೂರನೆಯ ಡ್ರಾಯರ್ ಎಳೆದು, ಕಟ್ಟನ್ನು ಅವರ ತೊಡೆಯ ಮೇಲೆ ಇಟ್ಟಳು. ಗುಮಾಸ್ತರು ಮೊದಲ ಹಾಳೆ ತಿರುಗಿಸಿದರು, ಎರಡನೆಯದು ತಿರುಗಿಸಿದರು, ಆಮೇಲೆ ಕೊನೆಯದನ್ನು ನೋಡಿದರು.

"ಎರಡು ದಿನ ನಾನು ಸೀನಿದ್ದು ನಿಮಗೆ ಇಲ್ಲಿಗೆ ಕೇಳಿಸ್ತಿತ್ತಾ?" ಎಂದರು.

"ಕೇಳಿಸ್ತಿತ್ತು ಅಣ್ಣ."

ಅವರು ಎದ್ದು, "ನಡೀರಿ, ದೊಡ್ಡ ಮೇಡಂ ಹತ್ರ ಹೋಗೋಣ. ನಾನೂ ಬರ್ತೀನಿ. ಒಬ್ಬರೇ ಹೋದ್ರೆ ಅಳ್ತೀರಿ," ಎಂದರು. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅವಳಿಗೆ.

ದೊಡ್ಡ ಮೇಡಂ ಬೈದರು, ಚೆನ್ನಾಗಿಯೇ ಬೈದರು. ಕೌನ್ಸೆಲರ್ ಬೈಯಲಿಲ್ಲ. "ಹುದ್ದೆ ಇದರ ಮೇಲಿದೆ ಅಂತ ನಾನು ಹೇಳಬೇಕಿತ್ತು ಅಕ್ಕಾ. ನನ್ನ ಸಂಬಳಕ್ಕೋಸ್ಕರ ಫಾರಂ ಬರೀರಿ ಅಂದ ಹಾಗಾಗುತ್ತೆ ಅಂತ ನಾಚಿಕೆ ಆಯ್ತು," ಎಂದಳು. "ಆದ್ರೂ ಹತ್ತು ತಿಂಗಳು, ಹತ್ತು ಸಲ ಕೇಳಿದ್ದೆ," ಎಂದು ಸೇರಿಸಿ ಕಿಟಕಿಯ ಕಡೆ ನೋಡಿದಳು.

ಮೇಲ್ಮನವಿಗೆ ಅವಕಾಶವಿತ್ತು. ಆದರೆ ದಾಖಲೆ? ಅದನ್ನು ಸೂಚಿಸಿದವಳು ಗಾಜಿನಕ್ಕನೇ. ಅವಳು ಬರೆದ ಗಾಜು ತೊಳೆಯುವ ಚೀಟಿಗಳನ್ನು ಶಿಕ್ಷಕರು ಹಾಜರಿ ಪುಸ್ತಕಗಳ ಹಿಂದೆ ಪಿನ್ನು ಚುಚ್ಚಿ ಇಟ್ಟಿದ್ದರು. ಒಂದೊಂದರ ಮೇಲೂ ಮಗುವಿನ ಹೆಸರು, ತಾರೀಕು, ಅವಳದೇ ಸಹಿ. ಎಲ್ಲವೂ ಸುಳ್ಳು ಚೀಟಿ. ಆದರೆ ಹಿಂಬಾಗಿಲಿನಿಂದ ಯಾರು ಯಾವಾಗ ಒಳಗೆ ಹೋದರೆಂಬುದಕ್ಕೆ ಅವಷ್ಟೇ ಸಾಕ್ಷಿ. ನಿಜಕ್ಕೂ ಗಾಜು ತೊಳೆಯಲು ಅವಳು ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವನ್ನೂ ಕರೆದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಎರಡು ಸಂಜೆ ಕುಳಿತು ಎಣಿಸಿದಳು. ಒಟ್ಟು ಇನ್ನೂರ ಹದಿನಾಲ್ಕು ಚೀಟಿ. ಒಂದೇ ಹೆಸರಿನವನ್ನು ಒಟ್ಟುಗೂಡಿಸಿದರೆ ನಲವತ್ತೊಂಬತ್ತು ಮಕ್ಕಳು. ಮುಂಬಾಗಿಲಿನ ಹನ್ನೊಂದು ಸೇರಿದರೆ ಸರಿಯಾಗಿ ಅರವತ್ತು. ಅವಳು ಇನ್ನೊಮ್ಮೆ ಎಣಿಸಿದಳು. ಅರವತ್ತೇ. ದೊಡ್ಡ ಮೇಡಂ ಆಗಲೇ ಮೇಲ್ಮನವಿ ಬರೆಸಿ, ಹೆಸರುಗಳಿಲ್ಲದೆ ಅಂಕಿ ಮಾತ್ರ ಹಾಕಿ, ಅಂದೇ ಅಂಚೆಗೆ ಕೊಟ್ಟರು. "ಕೂದಲೆಳೆಯಲ್ಲಿ ಪಾರಾದೆಯಮ್ಮ," ಎಂದರು.

ವಿಚಾರಣೆಯ ದಿನ ಗೊತ್ತಾಗುವಷ್ಟರಲ್ಲಿ ತಿಂಗಳು ಮುಗಿಯಿತು. ಕೌನ್ಸೆಲರ್ ತನ್ನ ಎರಡು ಪುಸ್ತಕ, ಮೇಜಿನ ಗಡಿಯಾರ ಎತ್ತಿಕೊಂಡು ಹೋದಳು. ತಕ್ಕಡಿ ಕೋಣೆಯ ಎರಡೂ ಬಾಗಿಲಿಗೆ ಬೀಗ ಬಿತ್ತು.

ಮಕ್ಕಳಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಗುರುವಾರ ಎಂಟನೇ ತರಗತಿಯ ಒಬ್ಬಳು ಹುಡುಗಿ ಬಂದಳು. ಅವಳು ಪ್ರತಿ ಗುರುವಾರ ಬರುತ್ತಿದ್ದವಳು. ಒಳಗೆ ಕುಳಿತು ಮಾತಾಡುವಾಗ ತಕ್ಕಡಿಯ ಅತಿ ಸಣ್ಣ ತೂಕವನ್ನು ಚಿಮುಟದಲ್ಲಿ ಎತ್ತಿ ಎತ್ತಿ ಇಡುತ್ತಾಳೆ ಎಂದು ಕೌನ್ಸೆಲರ್ ಒಮ್ಮೆ ಹೇಳಿದ್ದಳು. ಅದಕ್ಕಿಂತ ಹೆಚ್ಚು ಹೇಳಿರಲಿಲ್ಲ, ಗಾಜಿನಕ್ಕನೂ ಕೇಳಿರಲಿಲ್ಲ.

"ಅಕ್ಕಾ, ಗಾಜು ತೊಳೆಯೋದಿದ್ಯಾ?"

"ಇವತ್ತು ಮೇಡಂ ಬಂದಿಲ್ಲ ಪುಟ್ಟಾ."

"ನಾಳೆ?"

"ನೋಡೋಣ."

ಹುಡುಗಿ ಬೀಗದ ಕಡೆ ನೋಡಿದಳು. "ಪರವಾಗಿಲ್ಲ ಅಕ್ಕಾ. ಚೀಟಿ ಕೊಟ್ರೆ ನಾನು ನಿಜವಾಗ್ಲೂ ತೊಳೀತೀನಿ."

ಗಾಜಿನಕ್ಕ ಚೀಟಿ ಬರೆದುಕೊಟ್ಟಳು. ಹುಡುಗಿ ತೋಳು ಮಡಚಿ, ಆಗಲೇ ತೊಳೆದಿಟ್ಟಿದ್ದ ಪ್ರನಾಳಗಳನ್ನು ಇನ್ನೊಮ್ಮೆ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ನೋಡಿ, ನಲವತ್ತು ನಿಮಿಷ ತೊಳೆದಳು. ಗಾಜಿನಕ್ಕ ಪಕ್ಕದಲ್ಲಿ ನಿಂತು ಒರೆಸಿದಳು. ಏನು ಕೇಳಬೇಕು, ಹೇಗೆ ಕೇಳಬೇಕು ಅವಳಿಗೆ ತಿಳಿಯಲಿಲ್ಲ. ಅದನ್ನು ಬಲ್ಲವಳನ್ನು ತಾನೇ ಕಳಿಸಿಬಿಟ್ಟಿದ್ದಳು.

ವಿಚಾರಣೆಗೆ ನಾಲ್ಕು ದಿನ ಇರುವಾಗ ಗುಮಾಸ್ತರು ಮುಂಬಾಗಿಲಿನ ಹನ್ನೊಂದು ಫಾರಮ್ಮುಗಳನ್ನು ತಂದು, "ಎಲ್ಲಾ ಒಂದೇ ದಾರದಲ್ಲಿ ಕಟ್ಟಿಬಿಡಿ," ಎಂದು ಕೊಟ್ಟರು. ಕಟ್ಟುವ ಮೊದಲು ಅವಳು ಅಭ್ಯಾಸಬಲದಿಂದ ಹೆಸರುಗಳ ಮೇಲೆ ಕಣ್ಣಾಡಿಸಿದಳು. ನಾಲ್ಕನೆಯ ಹೆಸರು ಎಲ್ಲೋ ನೋಡಿದಂತಿತ್ತು. ಒಂಬತ್ತನೆಯದೂ. ಚೀಟಿಗಳನ್ನು ತೆಗೆದು ಹೋಲಿಸಿದಳು. ಇಬ್ಬರು ಮಕ್ಕಳು ಮೊದಲ ಸಲ ಮುಂಬಾಗಿಲಿನಿಂದ ಹೋಗಿ, ಗೇಲಿ ತಾಳಲಾರದೆ, ಆಮೇಲೆ ಹಿಂಬಾಗಿಲಿಗೆ ಬಂದಿದ್ದರು. ಎರಡೂ ಕಡೆ ಎಣಿಕೆಯಾಗಿದ್ದರು. ಅರವತ್ತಲ್ಲ, ಐವತ್ತೆಂಟು.

ದೊಡ್ಡ ಮೇಡಂ ಕೇಳಿ ಹಣೆಗೆ ಕೈಯಿಟ್ಟುಕೊಂಡರು. "ನೋಡಮ್ಮ, ಹೆಸರು ಯಾರೂ ಕೇಳಲ್ಲ. ಕೇಳಿದ್ರೂ ನಾವು ಕೊಡೋ ಹಾಗಿಲ್ಲ. ಅರವತ್ತು ಅಂತ ಬರೆದು ಕಳಿಸಾಗಿದೆ. ಎರಡೇ ಎರಡು. ನಿನ್ನ ಬಾಯಿಗೆ ಬೀಗ ಹಾಕ್ಕೊಂಡು ಬಾ, ಸಾಕು."

"ಸರಿ ಮೇಡಂ," ಎಂದಳು ಗಾಜಿನಕ್ಕ.

ಸರಿ ಎಂದದ್ದು ಸುಳ್ಳಲ್ಲ. ಅವಳು ನಾಲ್ಕು ದಿನವೂ ಅರವತ್ತು ಎಂದೇ ಹೇಳಲು ತಯಾರಾಗಿದ್ದಳು. ಇನ್ನೂರ ಹದಿನಾಲ್ಕು ಸುಳ್ಳು ಚೀಟಿ ಬರೆದ ಕೈ ಅದು, ಹತ್ತು ಸಲ 'ಕೊಟ್ಟೆ' ಎಂದ ಬಾಯಿ ಅದು. ಇನ್ನೊಂದು ಸುಳ್ಳಿನಿಂದ ಕೋಣೆಯ ಬೀಗ ತೆರೆಯುವುದಾದರೆ ಹೇಳಿದರೇನು? ಬಸ್ಸಿನಲ್ಲಿ ಕುಳಿತು ಹೋಗುವಾಗಲೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು.

ವಿಚಾರಣೆ ನಡೆದದ್ದು ಉದ್ದ ಮೇಜಿನ ಒಂದು ಕೋಣೆಯಲ್ಲಿ. ಮೇಜಿನ ಆಚೆ ಮೂವರು: ಇಲಾಖೆಯ ಅಧಿಕಾರಿ, ನಿಧಿಯ ಲೆಕ್ಕಾಧಿಕಾರಿ, ಮಕ್ಕಳ ಡಾಕ್ಟರಮ್ಮ ಒಬ್ಬರು. ಈಚೆ ದೊಡ್ಡ ಮೇಡಂ, ಗಾಜಿನಕ್ಕ. ಹಿಂದಿನ ಸಾಲಿನಲ್ಲಿ ಕೌನ್ಸೆಲರ್.

ಲೆಕ್ಕಾಧಿಕಾರಿ, ಹೆಸರುಗಳ ಮೇಲೆ ಕಾಗದದ ಪಟ್ಟಿ ಅಂಟಿಸಿದ್ದ ಚೀಟಿಗಳ ಕಟ್ಟನ್ನು ಬೆರಳಿನಿಂದ ಮೀಟಿದರು. "ಇದರಲ್ಲೆಲ್ಲ ಗಾಜು ತೊಳೆಯೋಕೆ ಅಂತ ಇದೆ. ನೀವೇ ಬರೆದಿದ್ದಾ?"

"ನಾನೇ ಸಾರ್."

"ಹಾಗಾದ್ರೆ ಇದು ಸುಳ್ಳು ದಾಖಲೆ."

"ಹೌದು ಸಾರ್. ಆ ಸುಳ್ಳು ನಂದು. ಮಕ್ಕಳದ್ದಲ್ಲ, ಮೇಡಂದೂ ಅಲ್ಲ. ಗುಮಾಸ್ತರದ್ದೂ ಅಲ್ಲ."

"ಅದು ಆಮೇಲೆ. ಈಗ ನಿಮ್ಮ ಬಾಯಲ್ಲೇ ಹೇಳಿ, ಒಟ್ಟು ಎಷ್ಟು ಮಕ್ಕಳು?"

ಅರವತ್ತು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹಿಂದಿನ ಸಾಲಿನಲ್ಲಿ ಕೌನ್ಸೆಲರ್ ಕುರ್ಚಿ ಸರಿಸಿದ ಸದ್ದಾಯಿತು. ಇನ್ನೊಂದು ಸಲ ಅವಳ ಮುಂದೆ ಸುಳ್ಳು ಹೇಳಲು ಗಾಜಿನಕ್ಕನಿಗೆ ಆಗಲಿಲ್ಲ.

"ಐವತ್ತೆಂಟು ಸಾರ್. ಇಬ್ಬರು ಎರಡೂ ಕಡೆ ಎಣಿಕೆ ಆಗಿದ್ರು. ನನಗೆ ಆಮೇಲೆ ಗೊತ್ತಾಯ್ತು."

ದೊಡ್ಡ ಮೇಡಂ ಕಣ್ಣು ಮುಚ್ಚಿಕೊಂಡರು. ಲೆಕ್ಕಾಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ಎರಡು ಕಡಿಮೆ. ನಿಯಮ ನಿಯಮವೇ."

ಎರಡು ವಾರದ ನಂತರ ಬಂದ ಆದೇಶ ಇಷ್ಟು: ಹುದ್ದೆ ಇನ್ನೊಂದು ವರ್ಷ ಮುಂದುವರಿಯುವುದು, ಆದರೆ ವಾರಕ್ಕೆ ಮೂರರ ಬದಲು ಎರಡು ದಿನ. ಸುಳ್ಳು ಚೀಟಿಗಾಗಿ ಪ್ರಯೋಗಾಲಯ ಸಹಾಯಕಿಯ ಒಂದು ವರ್ಷದ ವೇತನ ಬಡ್ತಿ ತಡೆ. ಕಡಿತವಾದದ್ದು ಗುರುವಾರ. ಗಾಜಿನಕ್ಕ ಆದೇಶ ಪಡೆದದ್ದಕ್ಕೆ ಸಹಿ ಹಾಕಿಕೊಟ್ಟಳು. ಗುರುವಾರದ ಸುದ್ದಿಯನ್ನು ಎಂಟನೇ ತರಗತಿಯ ಹುಡುಗಿಗೆ ತಾನೇ ಹೋಗಿ ಹೇಳಿದಳು, ಹೇಳಿ ಬಂದು ಬಹಳ ಹೊತ್ತು ನಲ್ಲಿ ಬಿಟ್ಟು ನಿಂತಿದ್ದಳು. ಐವತ್ತೆಂಟಕ್ಕೆ ಹುದ್ದೆ ಹೇಗೆ ಉಳಿಯಿತೆಂದು ಗುಮಾಸ್ತರು ನಿವೃತ್ತರಾಗುವವರೆಗೂ ತಲೆ ಕೆರೆದುಕೊಂಡರು. ಆದೇಶದಲ್ಲಿ ಅದಕ್ಕೆ ಕಾರಣ ಬರೆದಿರಲಿಲ್ಲ.

ದೊಡ್ಡ ಮೇಡಂಗೆ ಗೊತ್ತಿತ್ತು, ವಿಚಾರಣೆಯ ಕೋಣೆಯಲ್ಲಿ ಅವರು ಇದ್ದರು. ಲೆಕ್ಕಾಧಿಕಾರಿ ಕಡತ ಮುಚ್ಚಿದ ಮೇಲೆ ಅಲ್ಲಿಯವರೆಗೆ ಸುಮ್ಮನಿದ್ದ ಡಾಕ್ಟರಮ್ಮ ಮುಂದಕ್ಕೆ ಬಾಗಿದ್ದರು.

"ನೋಡಮ್ಮಾ, ಆ ಕೋಣೆಗೆ ಬೀಗ ಬಿದ್ದು ಎಷ್ಟು ದಿನ ಆಯ್ತು?"

"ಇಪ್ಪತ್ತಮೂರು ದಿನ ಮೇಡಂ."

"ಈ ಇಪ್ಪತ್ತಮೂರು ದಿನದಲ್ಲಿ ಯಾರಾದ್ರೂ ಹಿಂಬಾಗಿಲಿಗೆ ಬಂದ್ರಾ?"

"ಬಂದ್ರು. ನಾನೇ ವಾಪಸ್ ಕಳಿಸಿದೆ. ಮೇಡಂ ನಾಳೆ ಬರ್ತಾರೆ ಅಂತ ಹೇಳಿ ಕಳಿಸಿದೆ."

"ಎಷ್ಟು ಜನ?"

ಅದಕ್ಕೆ ಚೀಟಿ ಇರಲಿಲ್ಲ, ಫಾರಂ ಇರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ಅವಳು ಮೇಜಿನ ಕೆಳಗೆ ಬೆರಳು ಮಡಚಲೂ ಇಲ್ಲ. ಒಂದೊಂದು ಮುಖವೂ, ಅದು ತಿರುಗಿ ಹೋದ ರೀತಿಯೂ ಎದುರಿಗೇ ಇತ್ತು.

"ಒಂಬತ್ತು."